ನೈಲಾನ್‌ಗೂ ಪಿಪಿಗೂ ನಂಟು ಬೆಸೆದ ಕಥೆ

ಅಚ್ಚಿನಿಂದ ತೆಗೆದ ಮೊದಲ ತುಂಡನ್ನು ಕೈಯಲ್ಲಿ ಹಿಡಿದಾಗ ನನಗೆ ತುಂಬ ಖುಷಿಯಾಗಿತ್ತು. ಹಾಲುಬಿಳಿ ಬಣ್ಣ, ನುಣುಪಾದ ಮೈ, ಎಲ್ಲೂ ಗುಳಿಯಿಲ್ಲ. ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ ನೋಡಿಕೊಳ್ಳುತ್ತಿದ್ದ ಹಿರಿಯರು ಅದನ್ನು ತೆಗೆದುಕೊಂಡರು. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗುವ ಜಾಗಕ್ಕೆ ಗೇಟ್ ಅನ್ನುತ್ತೇವೆ. ಆ ಗೇಟ್ ಹತ್ತಿರ ಉಗುರಿನಿಂದ ಮೆಲ್ಲಗೆ ಕೆರೆದರು. ಈರುಳ್ಳಿ ಸಿಪ್ಪೆಯ ಹಾಗೆ ಒಂದು ತೆಳು ಪದರ ಎದ್ದು ಬಂತು. ಅದರ ಕೆಳಗೆ ಇನ್ನೊಂದು.

"ಇದು ಬೆರೆತಿಲ್ಲ ಸರ್. ಒಂದರ ಮೇಲೊಂದು ಸುಮ್ನೆ ಕೂತಿದೆ ಅಷ್ಟೆ," ಎಂದರು.

ಆಮೇಲೆ ಒಂದು ವರ್ಷಕ್ಕೂ ಜಾಸ್ತಿ ಕಾಲ ನಾನು ಮಾಡಿದ ಕೆಲಸವೆಲ್ಲ ಆ ಮಾತಿಗೆ ಉತ್ತರ ಹುಡುಕುವುದೇ ಆಗಿತ್ತು.

ನಾನು ಪ್ಲಾಸ್ಟಿಕ್ ಕಾಂಪೌಂಡಿಂಗ್ ಮಾಡುವ ಒಂದು ಘಟಕದ ಲ್ಯಾಬಿನಲ್ಲಿದ್ದೇನೆ. ಸಿದ್ಧ ಪಾಲಿಮರ್‌ಗಳನ್ನು, ಅಂದರೆ ಪ್ಲಾಸ್ಟಿಕ್‌ನ ಮೂಲವಸ್ತುಗಳನ್ನು ಕರಗಿಸಿ, ಅದಕ್ಕೆ ಬೇರೆ ಪಾಲಿಮರ್, ರಬ್ಬರ್, ಗಾಜಿನ ನಾರು, ಬಣ್ಣ, ಇನ್ನೇನೇನೋ ಸೇರಿಸಿ, ಮತ್ತೆ ಕಾಳು ಮಾಡಿ ಕೊಡುವುದು ನಮ್ಮ ಕೆಲಸ. ಬಿಸಿಯಾದಾಗ ಕರಗಿ, ತಣ್ಣಗಾದಾಗ ಗಟ್ಟಿಯಾಗಿ, ಮತ್ತೆ ಕರಗುವ ಥರ್ಮೋಪ್ಲಾಸ್ಟಿಕ್‌ಗಳಿದ್ದರೆ ಮಾತ್ರ ಈ ಕೆಲಸ ಸಾಧ್ಯ. ಪಂಪ್ ತಯಾರಿಸುವ ಗ್ರಾಹಕರೊಬ್ಬರು ಹೊರಕವಚಕ್ಕೆ ಒಂದು ವಸ್ತು ಬೇಕೆಂದು ಬಂದಿದ್ದರು. ಅವರು ಮೊದಲು ನೈಲಾನ್ 6 ಬಳಸಿ ನೋಡಿದ್ದರು. ಗಟ್ಟಿಯಿತ್ತು, ಬಿಸಿಗೂ ಜಗ್ಗಲಿಲ್ಲ. ಆದರೆ ನೈಲಾನ್ ನೀರು ಕುಡಿಯುತ್ತದೆ. ಪೂರ್ತಿ ನೆನೆದರೆ ತನ್ನ ತೂಕದ ಶೇ 9ರಿಂದ 10ರಷ್ಟು ನೀರನ್ನು ಒಳಗೆ ಎಳೆದುಕೊಂಡು ಊದಿಕೊಳ್ಳುತ್ತದೆ. ಕವಚದ ಬೋಲ್ಟ್ ತೂತುಗಳು ಜಾಗ ಬಿಟ್ಟು ಸರಿದಿದ್ದವು. ಆಮೇಲೆ ಪಾಲಿಪ್ರೊಪಿಲೀನ್, ಅಂದರೆ ಪಿಪಿ ಬಳಸಿದರು. ಪಿಪಿಗೆ ನೀರಿನ ಹಂಗೇ ಇಲ್ಲ. ಆದರೆ ಬಿಸಿಯಾದ ಕಡೆ ಬೋಲ್ಟ್ ಬಿಗಿದರೆ ನಿಧಾನವಾಗಿ ಸರಿದು, ಹಿಡಿತ ಸಡಿಲವಾಗುತ್ತಿತ್ತು.

ಎರಡನ್ನೂ ಸೇರಿಸಿದರೆ ಹೇಗೆ ಎಂಬುದು ಯಾರಿಗಾದರೂ ಹೊಳೆಯುವ ಯೋಚನೆ, ಅಲ್ವಾ? ನನಗೂ ಹೊಳೆಯಿತು. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಪಾಲಿಫೆನಿಲೀನ್ ಆಕ್ಸೈಡ್ ಮತ್ತು ಪಾಲಿಸ್ಟೈರೀನ್ ಸೇರಿಸಿ ನೊರಿಲ್ ಎಂಬ ವಸ್ತು ಮಾರುಕಟ್ಟೆಗೆ ತಂದಿತ್ತು. ಅದರ ಯಶಸ್ಸಿನ ಬಗ್ಗೆ ಓದಿದ್ದೆ. ಆ ಜೋಡಿ ಒಂದಕ್ಕೊಂದು ಅಣುಮಟ್ಟದಲ್ಲೇ ಬೆರೆಯುವ ಅಪರೂಪದ ಜೋಡಿ ಎಂಬುದನ್ನು ಆಗ ನಾನು ಅಷ್ಟಾಗಿ ಗಮನಿಸಿರಲಿಲ್ಲ.

ಹೆಚ್ಚಿನ ಪಾಲಿಮರ್‌ಗಳು ಹಾಗೆ ಬೆರೆಯುವುದಿಲ್ಲ. ಏಕೆಂಬುದನ್ನು 1940ರ ದಶಕದ ಆರಂಭದಲ್ಲೇ ಫ್ಲೋರಿ ಮತ್ತು ಹಗಿನ್ಸ್ ಲೆಕ್ಕ ಹಾಕಿ ತೋರಿಸಿದ್ದರು. ಸಣ್ಣ ಅಣುಗಳನ್ನು ಬೆರೆಸಿದಾಗ ಅವುಗಳಿಗೆ ಎಲ್ಲೆಂದರಲ್ಲಿ ಓಡಾಡುವ ಸ್ವಾತಂತ್ರ್ಯ ಸಿಗುತ್ತದೆ. ಬೆರಕೆಗೆ ಬಲ ಕೊಡುವುದೇ ಆ ಸ್ವಾತಂತ್ರ್ಯ. ಪಾಲಿಮರ್‌ನಲ್ಲಿ ಸಾವಿರಾರು ಘಟಕಗಳು ಒಂದೇ ಸರಪಳಿಗೆ ಬಿದ್ದಿರುತ್ತವೆ. ಬೆರೆತರೂ ಅವಕ್ಕೆ ಸಿಗುವ ಹೊಸ ಸ್ವಾತಂತ್ರ್ಯ ತೀರಾ ಕಡಿಮೆ. ಹಾಗಾಗಿ ಎರಡರ ನಡುವೆ ಚೂರು ಒಗ್ಗದಿದ್ದರೂ ಸಾಕು, ಬೇರೆಯಾಗಿಬಿಡುತ್ತವೆ. ನೈಲಾನ್ ನೀರನ್ನು ಬಯಸುವ ಜಾತಿ. ಪಿಪಿ ಮೇಣದ ಜಾತಿ. ಅವೆರಡರದು ಎಣ್ಣೆ ಸೀಗೆಕಾಯಿ ಸಂಬಂಧ.

ನಮ್ಮ ಲ್ಯಾಬಿನಲ್ಲಿ ಸಣ್ಣದೊಂದು ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ ಇದೆ. ಎರಡು ಸ್ಕ್ರೂಗಳು ಒಂದರ ಹಲ್ಲು ಇನ್ನೊಂದರೊಳಗೆ ಕೂತು ಒಂದೇ ದಿಕ್ಕಿಗೆ ತಿರುಗುತ್ತವೆ. ಸ್ಕ್ರೂವಿನ ಉದ್ದ ಅದರ ವ್ಯಾಸದ 40 ಪಟ್ಟು. ಕಾಳು ಒಂದು ತುದಿಯಲ್ಲಿ ಬೀಳುತ್ತದೆ, ಕರಗುತ್ತದೆ, ನಾದಿಸಿಕೊಳ್ಳುತ್ತದೆ, ಇನ್ನೊಂದು ತುದಿಯಲ್ಲಿ ಡೈ ಎಂಬ ತೂತಿನ ಬಾಯಿಂದ ದಾರದಂತೆ ಹೊರಬಂದು ನೀರಿನ ತೊಟ್ಟಿಯಲ್ಲಿ ತಣಿಯುತ್ತದೆ. ಕೊನೆಗೆ ಕಟರ್ ಅದನ್ನು ಮತ್ತೆ ಕಾಳಾಗಿ ಕತ್ತರಿಸುತ್ತದೆ. ನೈಲಾನ್ 6 ಕರಗುವುದು ಸುಮಾರು 220 ಡಿಗ್ರಿಯಲ್ಲಿ, ಪಿಪಿ ಸುಮಾರು 165ರಲ್ಲಿ. ಸ್ಕ್ರೂಗಳು ತಿರುಗುವ ಕೊಳವೆಗೆ ಬ್ಯಾರಲ್ ಅನ್ನುತ್ತೇವೆ. ಅದರ ಬಿಸಿಯನ್ನು 230ರಿಂದ 245ರ ನಡುವೆ ಇಟ್ಟುಕೊಂಡೆ. ತೂಕದಲ್ಲಿ 60 ಭಾಗ ನೈಲಾನ್, 40 ಭಾಗ ಪಿಪಿ. ಹರಿವು ಚೆನ್ನಾಗಿರಲಿ ಎಂದು ತೆಳ್ಳಗೆ ಹರಿಯುವ ಪಿಪಿಯನ್ನೇ ಆರಿಸಿದ್ದೆ.

ಅದೇ ಆ ಸಿಪ್ಪೆ ಸುಲಿದ ತುಂಡು.

ಆದರೆ ಸಿಪ್ಪೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಒಲೆಯ ಪರೀಕ್ಷೆ. ಅದೇ ತುಂಡನ್ನು 180 ಡಿಗ್ರಿಯ ಒಲೆಯಲ್ಲಿ ಎರಡು ತುದಿಗೆ ಆಸರೆ ಕೊಟ್ಟು ಇಟ್ಟೆ. ಸ್ವಲ್ಪ ಹೊತ್ತಿಗೆ ನಡು ಬಗ್ಗಿ ಜೋತುಬಿತ್ತು. ಅರ್ಧಕ್ಕಿಂತ ಜಾಸ್ತಿ ನೈಲಾನ್ ಇದೆ. 180ರಲ್ಲಿ ನೈಲಾನ್ ಕರಗುವುದಿಲ್ಲ. ಹಾಗಿದ್ದರೂ ಇದು ಪಿಪಿಯ ಹಾಗೆ ನಡೆದುಕೊಂಡಿದ್ದು ಏಕೆ?

ಉತ್ತರ ಸಿಕ್ಕಿದ್ದು ಫಾರ್ಮಿಕ್ ಆ್ಯಸಿಡ್ ಬಾಟಲಿಯಲ್ಲಿ. ಗಾಢ ಫಾರ್ಮಿಕ್ ಆ್ಯಸಿಡ್ ನೈಲಾನ್ 6ನ್ನು ಸಾಮಾನ್ಯ ಬಿಸಿಯಲ್ಲೇ ಕರಗಿಸುತ್ತದೆ, ಪಿಪಿಯನ್ನು ಮುಟ್ಟುವುದಿಲ್ಲ. ಚರ್ಮಕ್ಕೆ ತಾಗಿದರೆ ಸುಟ್ಟು ಬಿಡುವ ವಸ್ತು ಅದು. ಗವಸು, ಕನ್ನಡಕ, ಹೊಗೆ ಎಳೆಯುವ ಕಪಾಟು ಇಲ್ಲದೆ ಮುಟ್ಟಲೇಬಾರದು. ತುಂಡನ್ನು ಅದರಲ್ಲಿ ಮುಳುಗಿಸಿ ಒಂದು ರಾತ್ರಿ ಬಿಟ್ಟೆ. ಹೊರಗಿನ ಆವರಣ ನೈಲಾನ್ ಆಗಿದ್ದರೆ ಬೆಳಗ್ಗೆ ತುಂಡು ಕುಸಿದು ಪುಡಿಯಾಗಿರಬೇಕಿತ್ತು. ಆಗಿರಲಿಲ್ಲ. ಆಕಾರ ಹಾಗೇ ಇತ್ತು. ಹಗುರಾಗಿ, ಸ್ಪಂಜಿನ ಹಾಗೆ ಆಗಿತ್ತು ಅಷ್ಟೆ.

ಅಂದರೆ ಹಬ್ಬಿ ನಿಂತ ಬಲೆ ಪಿಪಿಯದು. 60 ಭಾಗ ನೈಲಾನ್ ಅದರೊಳಗೆ ಗೂಡು ಗೂಡಾಗಿ ಕೂತಿತ್ತು.

ಆ ದಿನ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ನೈಲಾನ್ 6ರ ಸಾಂದ್ರತೆ 1.13ರ ಆಸುಪಾಸು, ಪಿಪಿಯದು 0.9. ತೂಕದಲ್ಲಿ 60-40 ಅಂದುಕೊಂಡಿದ್ದು ಜಾಗದ ಲೆಕ್ಕದಲ್ಲಿ ಬರೀ 55-45. ಅದರ ಮೇಲೆ ಇನ್ನೊಂದು ನಿಯಮವಿದೆ. ಎರಡು ಕರಗಿದ ಪಾಲಿಮರ್‌ಗಳಲ್ಲಿ ಯಾವುದು ತೆಳ್ಳಗೆ ಹರಿಯುತ್ತದೋ ಅದು ದಪ್ಪನೆಯದನ್ನು ಸುತ್ತುವರಿಯುತ್ತದೆ. ಯಾವುದು ಬಲೆಯಾಗಬೇಕು ಎಂಬುದನ್ನು ಪ್ರಮಾಣವೊಂದೇ ತೀರ್ಮಾನಿಸುವುದಿಲ್ಲ. ಪ್ರಮಾಣ ಮತ್ತು ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಎರಡೂ ಸೇರಿ ತೀರ್ಮಾನಿಸುತ್ತವೆ. ಪಿಪಿಯ ತಡೆ ನೈಲಾನ್‌ನ ಅರ್ಧದಷ್ಟಿದ್ದರೂ ಸಾಕು, 45 ಭಾಗದ ಪಿಪಿ 55 ಭಾಗದ ನೈಲಾನನ್ನು ನುಂಗಿ ಕೂರುತ್ತದೆ. ನಾನು ಹರಿವಿನ ಆಸೆಗೆ ತೆಳ್ಳಗಿನ ಪಿಪಿ ಆರಿಸಿ ಇದಕ್ಕೆ ದಾರಿ ಮಾಡಿಕೊಟ್ಟಿದ್ದೆ.

ಪಿಪಿಯನ್ನು ದಪ್ಪನೆಯ ಗ್ರೇಡಿಗೆ ಬದಲಾಯಿಸಿದೆ. ನೈಲಾನನ್ನು 70ಕ್ಕೆ ಏರಿಸಿದೆ. ಈ ಸಲ ಆ್ಯಸಿಡ್‌ನಲ್ಲಿ ಹಾಕಿದ ತುಂಡು ಗಂಟೆಯೊಳಗೆ ಅಂಚಿನಿಂದ ಬಿಚ್ಚಿಕೊಳ್ಳತೊಡಗಿತು. ಬೆಳಗ್ಗೆ ಬಾಟಲಿಯಲ್ಲಿ ತುಂಡು ಇರಲಿಲ್ಲ. ನನ್ನ ವಸ್ತು ಕರಗಿ ಹೋದದ್ದನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಒಲೆಯಲ್ಲೂ ತುಂಡು ನೆಟ್ಟಗೆ ನಿಂತಿತು.

ಆದರೆ ಸಿಪ್ಪೆ ಇನ್ನೂ ಏಳುತ್ತಿತ್ತು.

ಬಲೆ ಯಾವುದು, ಗೂಡು ಯಾವುದು ಎಂಬುದು ಸರಿಯಾಗಿತ್ತು. ಎರಡರ ನಡುವಿನ ಗಡಿಯಲ್ಲಿ ಹಿಡಿತ ಇರಲಿಲ್ಲ. ತುಂಡನ್ನು ದ್ರವ ಸಾರಜನಕದಲ್ಲಿ ಅದ್ದಿ ಮುರಿದು, ಚಿನ್ನದ ತೆಳು ಲೇಪ ಕೊಟ್ಟು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮುರಿದ ಮುಖದ ತುಂಬ ಉರುಟಾದ ಗುಂಡುಗಳು ಮತ್ತು ಗುಂಡು ಎದ್ದುಹೋದ ನುಣುಪಾದ ಕುಳಿಗಳು. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಅನ್ನುತ್ತಾರೆ. ಕೆಲವು ಗುಂಡುಗಳು ಹತ್ತು ಮೈಕ್ರಾನ್‌ಗಿಂತಲೂ ದಪ್ಪ. ಆ ನುಣುಪು ನೋಡಿದರೇ ಗೊತ್ತಾಗುತ್ತಿತ್ತು. ಎಳೆದಾಗ ಗುಂಡು ಒಂದಿಷ್ಟೂ ತಡೆಯೊಡ್ಡದೆ ಜಾರಿ ಬಂದಿದೆ. ಬೆರೆಸುವುದು ಬೇರೆ, ಬೆಸೆಯುವುದು ಬೇರೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಆ ಚಿತ್ರದಲ್ಲಿ.

ಬೆಸೆಯುವ ವಸ್ತುವಿಗೆ ಕಂಪ್ಯಾಟಿಬಿಲೈಸರ್ ಅನ್ನುತ್ತಾರೆ. ನಮ್ಮ ಜೋಡಿಗೆ ಅದು ಮಲೆಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಿಪಿ. ಪಿಪಿಯ ಸರಪಳಿಗೆ ಅಲ್ಲಲ್ಲಿ ಚಿಕ್ಕ ಕೊಕ್ಕೆ ಸಿಕ್ಕಿಸಿದ ಹಾಗೆ ಊಹಿಸಿಕೊಳ್ಳಿ. ನೈಲಾನ್ ಸರಪಳಿಯ ತುದಿಯಲ್ಲಿ ಅಮೈನ್ ಗುಂಪು ಇರುತ್ತದೆ. ಕರಗಿದ ಸ್ಥಿತಿಯಲ್ಲಿ ಎರಡು ಎದುರಾದಾಗ ಕೊಕ್ಕೆ ಅಮೈನನ್ನು ಹಿಡಿದು, ಒಂದು ನೀರಿನ ಅಣುವನ್ನು ಹೊರಗೆ ಬಿಟ್ಟು, ಗಟ್ಟಿ ರಾಸಾಯನಿಕ ಬಂಧವಾಗುತ್ತದೆ. ಒಂದು ಕಡೆ ಪಿಪಿ, ಇನ್ನೊಂದು ಕಡೆ ನೈಲಾನ್ ಇರುವ ಹೊಸ ಅಣು ಅಲ್ಲೇ ಗಡಿಯಲ್ಲೇ ಹುಟ್ಟುತ್ತದೆ. ಎಣ್ಣೆ ಸೀಗೆಕಾಯಿ ಅಂತ ಜಗಳಕ್ಕೆ ಹೆಸರು ಇಟ್ಟಿದ್ದೇವೆ. ಆದರೆ ಸೀಗೆಕಾಯಿಯಲ್ಲಿ ನೊರೆ ಬರಿಸುವ ಅಣು ಒಂದು ತುದಿಯಲ್ಲಿ ಎಣ್ಣೆಯನ್ನೂ ಇನ್ನೊಂದರಲ್ಲಿ ನೀರನ್ನೂ ಹಿಡಿಯುತ್ತದೆ. ಈ ಹೊಸ ಅಣು ಮಾಡುವುದೂ ಅದನ್ನೇ.

ಮತ್ತೆ, ಇದೆಲ್ಲ ನಡೆಯಬೇಕಾದದ್ದು ಎಕ್ಸ್‌ಟ್ರೂಡರ್ ಒಳಗೆ ವಸ್ತು ಇರುವ ಒಂದು ನಿಮಿಷದ ಆಸುಪಾಸಿನಲ್ಲಿ. ಬೇರೆ ರಿಯಾಕ್ಟರ್ ಇಲ್ಲ. ಸ್ಕ್ರೂಗಳೇ ರಿಯಾಕ್ಟರ್.

ನೂರರಲ್ಲಿ 5 ಭಾಗ ಸೇರಿಸಿದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಕಾಳು ಬದಲಾದ ಸ್ವಲ್ಪ ಹೊತ್ತಿಗೆ ಮೋಟರಿನ ಆಂಪಿಯರ್ ಮೀಟರ್ ಮೇಲೇರಿತು. ಬಿಸಿ ಬದಲಿಸಿಲ್ಲ, ವೇಗ ಬದಲಿಸಿಲ್ಲ. ಒಳಗಿನ ವಸ್ತು ದಪ್ಪವಾಗಿದೆ. ಸರಪಳಿಗೆ ಸರಪಳಿ ಸೇರಿ ಉದ್ದವಾಗುತ್ತಿದೆ. ಯಂತ್ರ ಓಡಿಸುತ್ತಿದ್ದವರು ಏನೋ ಸಿಕ್ಕಿಕೊಂಡಿದೆ ಎಂದು ನಿಲ್ಲಿಸಲು ಕೈ ಚಾಚಿದರು. "ಬೇಡ, ಬೇಡ, ಓಡಲಿ," ಎಂದೆ. ಡೈಯಿಂದ ಬರುತ್ತಿದ್ದ ದಾರವೂ ಬದಲಾಯಿತು. ಮೊದಲು ಒರಟಾಗಿ, ಅಲ್ಲಲ್ಲಿ ಉಬ್ಬಿ ಬರುತ್ತಿತ್ತು. ಈಗ ಒಂದೇ ದಪ್ಪದಲ್ಲಿ, ಮೆತ್ತಗೆ ಹೊಳೆಯುತ್ತ ಬಂತು.

ನಿಜವಾಗಿ ಬೆಸೆದಿದೆಯೇ ಎಂದು ತಿಳಿಯಲು ಮೊಲಾವ್ ಪರೀಕ್ಷೆ ಎಂಬ ಸರಳ ದಾರಿಯಿದೆ. ಕಾಳನ್ನು ಪುಡಿ ಮಾಡಿ ಫಾರ್ಮಿಕ್ ಆ್ಯಸಿಡ್‌ನಲ್ಲಿ ಅಲುಗಾಡಿಸಿ ಬಿಡಬೇಕು. ಬೆಸೆಯದ ಬೆರಕೆಯಲ್ಲಿ ನೈಲಾನ್ ಕರಗಿ ಕೆಳಗೆ ತಿಳಿಯಾಗಿ ನಿಲ್ಲುತ್ತದೆ, ಪಿಪಿ ಮೇಲೆ ತೇಲುತ್ತದೆ. ಬೆಸೆದ ಬೆರಕೆಯಲ್ಲಿ ಪಿಪಿಯ ಕಣಗಳ ಮೈಗೆ ನೈಲಾನ್ ಅಂಟಿರುವುದರಿಂದ ಅವು ಬೇರೆಯಾಗದೆ ಇಡೀ ಬಾಟಲಿ ಹಾಲಿನಂತೆ ಇರುತ್ತದೆ. ಎರಡು ಬಾಟಲಿ ಪಕ್ಕ ಪಕ್ಕ ಇಟ್ಟೆ. ಮೂರು ದಿನ ಬಿಟ್ಟು ನೋಡಿದರೂ ಎರಡನೆಯದು ಹಾಲಾಗಿಯೇ ಇತ್ತು. ಈ ಕೆಲಸ ಶುರು ಮಾಡುವ ಯಾರಿಗೇ ಆಗಲಿ ನಾನು ದೊಡ್ಡ ಉಪಕರಣಕ್ಕಿಂತ ಮೊದಲು ಈ ಬಾಟಲಿಗಳನ್ನೇ ತೋರಿಸುತ್ತೇನೆ. ಸೂಕ್ಷ್ಮದರ್ಶಕದ ಸರದಿ ಬಂದಾಗ ಗುಂಡುಗಳು ಒಂದು ಮೈಕ್ರಾನ್‌ಗಿಂತ ಚಿಕ್ಕದಾಗಿದ್ದವು. ಕುಳಿಗಳು ಹೆಚ್ಚುಕಡಿಮೆ ಕಾಣಿಸಲೇ ಇಲ್ಲ. ಉಗುರಿಗೆ ಸಿಪ್ಪೆ ಸಿಗಲಿಲ್ಲ.

ಇದರಲ್ಲಿ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಗುಂಡು ಚಿಕ್ಕದಾಗಲು ಸ್ಕ್ರೂವಿನ ಬಲವೊಂದೇ ಕಾರಣ ಎಂದುಕೊಂಡಿದ್ದೆ. ಹರಿಯುವ ದ್ರವದಲ್ಲಿ ಹನಿ ಹೇಗೆ ಒಡೆಯುತ್ತದೆ ಎಂಬುದನ್ನು ಜೆಫ್ರಿ ಟೇಲರ್ 1934ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಹರಿವು ಹನಿಯನ್ನು ಎಳೆಯುತ್ತದೆ, ಹನಿಯ ಮೇಲ್ಮೈ ಬಿಗಿತ ಅದನ್ನು ಉರುಟಾಗಿಯೇ ಇಡಲು ನೋಡುತ್ತದೆ. ಎಳೆತ ಗೆದ್ದರೆ ಹನಿ ಒಡೆಯುತ್ತದೆ. ಆದರೆ ಒಡೆದ ಹನಿಗಳು ಡಿಕ್ಕಿ ಹೊಡೆದು ಮತ್ತೆ ಒಂದಾಗುತ್ತವೆ. ಬೆಸುಗೆ ಅಣು ಎರಡು ಕೆಲಸ ಮಾಡುತ್ತದೆ. ಬಿಗಿತ ಕಡಿಮೆ ಮಾಡಿ ಒಡೆಯುವುದನ್ನು ಸುಲಭ ಮಾಡುತ್ತದೆ, ಒಡೆದದ್ದು ಮತ್ತೆ ಕೂಡದಂತೆ ನಡುವೆ ಗೋಡೆಯಾಗುತ್ತದೆ. ಈ ಎರಡನೆಯದೇ ಹೆಚ್ಚು ಮುಖ್ಯ ಎಂದು ನನ್ನ ಅನುಭವ. ಸ್ಕ್ರೂವಿನ ವೇಗ ಎಷ್ಟೇ ಏರಿಸಿದರೂ ಬೆಸುಗೆಯಿಲ್ಲದ ಬೆರಕೆಯ ಗುಂಡುಗಳು ಅಚ್ಚಿನಲ್ಲಿ ಮತ್ತೆ ಕರಗಿದಾಗ ಪುನಃ ದಪ್ಪವಾಗಿಬಿಡುತ್ತಿದ್ದವು.

ಐದಕ್ಕೆ ಇಷ್ಟು ಒಳ್ಳೆಯದಾದರೆ ಹತ್ತಕ್ಕೆ ಇನ್ನೆಷ್ಟು ಎಂದು ಹತ್ತು ಭಾಗ ಹಾಕಿ ನೋಡಿದೆ. ಹರಿವು ಕುಸಿಯಿತು, ಗಟ್ಟಿತನವೂ ಸ್ವಲ್ಪ ಇಳಿಯಿತು. ಪಿಪಿಗೆ ಕೊಕ್ಕೆ ಕಸಿ ಮಾಡುವಾಗ ಪೆರಾಕ್ಸೈಡ್ ಬಳಸುತ್ತಾರೆ. ಅದು ಪಿಪಿಯ ಸರಪಳಿಯನ್ನೂ ಕತ್ತರಿಸುತ್ತದೆ. ಹಾಗಾಗಿ ಕಂಪ್ಯಾಟಿಬಿಲೈಸರ್‌ನ ಸರಪಳಿಗಳು ಮೂಲ ಪಿಪಿಗಿಂತ ಗಿಡ್ಡ. ಗಡಿ ತುಂಬಿದ ಮೇಲೆ ಉಳಿದದ್ದು ಗಿಡ್ಡ ಸರಪಳಿಯ ಪಿಪಿಯಾಗಿ ಸುಮ್ನೆ ಬಿದ್ದಿರುತ್ತದೆ. ಐದಕ್ಕೇ ವಾಪಸ್ ಬಂದೆ.

ಮುಂದಿನದು ಪೆಟ್ಟು ತಾಳುವ ಶಕ್ತಿ. ಸಿಪ್ಪೆ ನಿಂತಿತ್ತು ನಿಜ, ಆದರೆ ಸಣ್ಣ ಗೀರು ಕೊಟ್ಟು ಲೋಲಕದಿಂದ ಹೊಡೆಯುವ ಇಂಪ್ಯಾಕ್ಟ್ ಪರೀಕ್ಷೆಯಲ್ಲಿ ತುಂಡು ಗಾಜಿನ ಹಾಗೆ ಮುರಿಯುತ್ತಿತ್ತು. ಬೇರೆ ಬೇರೆ ಸೂತ್ರಗಳನ್ನು ಮಾಡಿ ಹೋಲಿಸತೊಡಗಿದೆ. ಒಂದು ಸೂತ್ರ ಉಳಿದೆಲ್ಲದಕ್ಕಿಂತ ಎದ್ದು ಕಾಣುವಷ್ಟು ಚೆನ್ನಾಗಿತ್ತು. ವರದಿ ಬರೆದೆ. ಅದೇ ದಾರಿಯಲ್ಲಿ ಮೂರು ವಾರ ಕೆಲಸವನ್ನೂ ಮಾಡಿದೆ. ಮತ್ತೆ ಅದನ್ನೇ ಮಾಡಿ ಪರೀಕ್ಷಿಸಿದಾಗ ಆ ಒಳ್ಳೆಯತನ ಕಾಣಲೇ ಇಲ್ಲ.

ಹಳೆಯ ದಾಖಲೆ ತಿರುವಿ ಹಾಕಿದೆ. ಉಳಿದ ತುಂಡುಗಳನ್ನು ಅಚ್ಚಿನಿಂದ ತೆಗೆದ ಮರುದಿನವೇ ಒಡೆದಿದ್ದೆವು. ಆ ಒಂದು ಸೂತ್ರದ ತುಂಡುಗಳು ಮಾತ್ರ ಯಂತ್ರ ಬಿಡುವಿರದೆ ಹನ್ನೆರಡು ದಿನ ಮೇಜಿನ ಮೇಲೆ ಬಿದ್ದಿದ್ದವು. ಗಾಳಿಯಲ್ಲಿ ತೇವ ಜಾಸ್ತಿಯಿದ್ದ ದಿನಗಳವು. ನೈಲಾನ್ ಗಾಳಿಯಿಂದ ನೀರು ಎಳೆದುಕೊಂಡಿತ್ತು. ನೀರು ಸರಪಳಿಗಳ ನಡುವೆ ಹೊಕ್ಕು ಅವನ್ನು ಸಡಿಲಗೊಳಿಸುತ್ತದೆ. ಆಗ ನೈಲಾನ್ ಮೆತ್ತಗಾಗುತ್ತದೆ, ಪೆಟ್ಟನ್ನು ಹೆಚ್ಚು ತಾಳುತ್ತದೆ. ನಾನು ಸೂತ್ರ ಅಳೆದೆ ಅಂದುಕೊಂಡಿದ್ದೆ, ಅಳೆದದ್ದು ಹವೆಯನ್ನು.

ಅವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಅಚ್ಚಿನಿಂದ ಬಿದ್ದ ತುಂಡು ತಣಿದ ತಕ್ಷಣ ಅಲ್ಯುಮಿನಿಯಂ ಹಾಳೆಯ ಚೀಲಕ್ಕೆ ಹೋಗಿ ಸೀಲ್ ಆಗುತ್ತದೆ. ಅದು ಒಣ ಸ್ಥಿತಿಯ ಪರೀಕ್ಷೆಗೆ. ಇನ್ನೊಂದು ಗುಂಪನ್ನು ಐಎಸ್ಒ 1110 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವಂತೆ 70 ಡಿಗ್ರಿ ಬಿಸಿ, ಶೇ 62ರ ಆರ್ದ್ರತೆಯಲ್ಲಿ ತೂಕ ಏರುವುದು ನಿಲ್ಲುವ ತನಕ ಇಟ್ಟು ಆಮೇಲೆ ಒಡೆಯುತ್ತೇವೆ. ಫಲಿತಾಂಶದ ಹಾಳೆಯಲ್ಲಿ ಎರಡೂ ಸಂಖ್ಯೆ ಇರಲೇಬೇಕು. ನೈಲಾನ್ ಇರುವ ಯಾವುದೇ ವಸ್ತುವಿನ ಬಲವನ್ನು ಒಂದೇ ಸಂಖ್ಯೆಯಲ್ಲಿ ಹೇಳಿದರೆ ನಾನು ಈಗ ನಂಬುವುದಿಲ್ಲ.

ಪೆಟ್ಟಿಗೆ ಕೊನೆಗೂ ಒದಗಿದ್ದು ರಬ್ಬರ್. ಸಾಮಾನ್ಯ ರಬ್ಬರ್ ಆಗದು. ಅದೂ ಗಡಿಯಲ್ಲಿ ಜಾರುತ್ತದೆ. ಅದೇ ಮಲೆಯಿಕ್ ಕೊಕ್ಕೆ ಇರುವ ಸ್ಟೈರೀನ್ ಜಾತಿಯ ಥರ್ಮೋಪ್ಲಾಸ್ಟಿಕ್ ರಬ್ಬರ್ ಹಾಕಿದೆವು. ಪೆಟ್ಟು ಬಿದ್ದಾಗ ರಬ್ಬರ್ ಕಣಗಳು ಒಳಗೆ ಬಿರಿದು ಸಣ್ಣ ಸಣ್ಣ ಪೊಳ್ಳುಗಳಾಗುತ್ತವೆ. ಅದರಿಂದ ಸುತ್ತಲಿನ ನೈಲಾನ್‌ಗೆ ಹಿಗ್ಗಲು ಅವಕಾಶ ಸಿಗುತ್ತದೆ. ಬಿರುಕು ನೇರ ಓಡುವ ಬದಲು ಅದರ ಬಲವೆಲ್ಲ ಆ ಹಿಗ್ಗುವಿಕೆಯಲ್ಲಿ ಕಳೆದುಹೋಗುತ್ತದೆ. ಮುರಿದ ಜಾಗ ಬೆಳ್ಳಗಾಗಿ, ನಾರು ನಾರಾಗಿ ಕಂಡಾಗ ಕೆಲಸ ಆಗಿದೆ ಎಂದು ಗೊತ್ತಾಯಿತು. ಇದಕ್ಕೆ ಬೆಲೆಯೂ ತೆರಬೇಕಾಯಿತು. ರಬ್ಬರ್ ಜಾಸ್ತಿಯಾದಷ್ಟೂ ಬಿಗಿತ ಕಡಿಮೆ, ಬೋಲ್ಟ್ ಹಿಡಿತ ಕಡಿಮೆ. 15 ಭಾಗದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಕೊನೆಗೆ 8ಕ್ಕೆ ಬಂದು ನಿಂತೆವು. ನೈಲಾನ್ 65, ಪಿಪಿ 22, ಕೊಕ್ಕೆಯ ಪಿಪಿ 5, ರಬ್ಬರ್ 8. ಮೇಲೆ ಒಂದಿಷ್ಟು ಉತ್ಕರ್ಷಣ, ಅಂದರೆ ಗಾಳಿಯ ಜೊತೆ ಸೇರಿ ಕೆಡುವುದನ್ನು ತಡೆಯುವ ರಾಸಾಯನಿಕ.

ಈ ಕೊನೆಯ ಮಾತಿನಲ್ಲೇ ಮತ್ತೊಂದು ಪಾಡು ಅಡಗಿತ್ತು. ತುಂಡುಗಳನ್ನು 130 ಡಿಗ್ರಿಯ ಒಲೆಯಲ್ಲಿ ವಾರಗಟ್ಟಲೆ ಇಟ್ಟು ಹಣ್ಣಾಗಿಸುವ ಪರೀಕ್ಷೆಯಲ್ಲಿ ಒಂದು ಬ್ಯಾಚ್ ಬಹಳ ಬೇಗ ಪೆಡಸಾಯಿತು. ಮೈಮೇಲೆ ಕೂದಲೆಳೆಯಂತಹ ಬಿರುಕುಗಳು. ಸೂತ್ರ ಅದೇ. ಯಂತ್ರ ಅದೇ. ಬದಲಾಗಿದ್ದು ನೈಲಾನ್ ಗ್ರೇಡ್ ಮಾತ್ರ. ಹೊಸ ಗ್ರೇಡ್ ಬಿಸಿಗೆ ಹೆಚ್ಚು ತಾಳುತ್ತದೆ ಎಂದು ಖರೀದಿ ವಿಭಾಗದವರು ಒಳ್ಳೆಯ ಮನಸ್ಸಿನಿಂದಲೇ ತರಿಸಿದ್ದರು. ಬಿಸಿಗೆ ತಾಳಲೆಂದು ಅದರಲ್ಲಿ ತಾಮ್ರದ ಲವಣ ಹಾಕಿದ್ದರು. ನೈಲಾನ್‌ಗೆ ತಾಮ್ರದ ಲವಣ ಬಹಳ ಒಳ್ಳೆಯ ರಕ್ಷಕ, ದಶಕಗಳಿಂದ ಬಳಕೆಯಲ್ಲಿದೆ. ಆದರೆ ಪಿಪಿಗೆ ತಾಮ್ರ ಶತ್ರು. ತಾಮ್ರದ ಅಯಾನುಗಳು ಪಿಪಿ ಗಾಳಿಯ ಜೊತೆ ಸೇರಿ ಕೆಡುವುದನ್ನು ಇನ್ನಷ್ಟು ಬೇಗ ಮಾಡಿಸುತ್ತವೆ. ಒಂದಕ್ಕೆ ಔಷಧವಾದದ್ದು ಇನ್ನೊಂದಕ್ಕೆ ವಿಷವಾಗಿತ್ತು. ತಾಮ್ರವಿಲ್ಲದ ಗ್ರೇಡಿಗೆ ಮರಳಿ, ಎರಡಕ್ಕೂ ಒಗ್ಗುವ ಫೀನಾಲ್ ಮತ್ತು ಫಾಸ್ಫೈಟ್ ಜೋಡಿಯನ್ನೇ ಇಟ್ಟುಕೊಂಡ ಮೇಲೆ ಬಿರುಕು ನಿಂತಿತು. ಬೆರಕೆ ವಸ್ತು ಮಾಡುವವರು ಪ್ರತಿಯೊಂದು ಕಚ್ಚಾವಸ್ತುವಿನ ಒಳಗೆ ಏನೇನು ಸೇರಿದೆ ಎಂದು ಸರಬರಾಜುದಾರರನ್ನು ಬಿಡದೆ ಕೇಳಬೇಕು. ಈಗ ನಾನು ಕೇಳುತ್ತೇನೆ. ಅವರಿಗೆ ಬೇಸರವಾದರೂ ಕೇಳುತ್ತೇನೆ.

ಲ್ಯಾಬಿನಲ್ಲಿ ಗೆದ್ದದ್ದು ದೊಡ್ಡ ಯಂತ್ರದಲ್ಲಿ ಗೆಲ್ಲಬೇಕು. ಮೊದಲ ದೊಡ್ಡ ಓಟದ ನಾಲ್ಕನೇ ಗಂಟೆಗೆ ಮೋಲ್ಡಿಂಗ್ ವಿಭಾಗದಿಂದ ಆ ಹಿರಿಯರು ಬಂದರು. ಕೈಯಲ್ಲಿ ತುಂಡು. ಗೇಟ್ ಹತ್ತಿರ ಸಿಪ್ಪೆ.

ಎದೆ ಧಸಕ್ಕೆಂದಿತು. ಮೊದಲು ಅನುಮಾನ ಬಂದದ್ದು ನಾದುವಿಕೆಯ ಮೇಲೆ. ದೊಡ್ಡ ಯಂತ್ರದಲ್ಲಿ ಪ್ರತಿ ಕಿಲೋಗೆ ಎಷ್ಟು ವಿದ್ಯುತ್ ಖರ್ಚಾಗುತ್ತಿದೆ ಎಂದು ಲೆಕ್ಕ ಹಾಕಿದೆ. ವಸ್ತುವಿಗೆ ಸಿಕ್ಕ ನಾದುವಿಕೆಯ ಅಂದಾಜು ಅದರಿಂದ ಸಿಗುತ್ತದೆ. ಲ್ಯಾಬಿಗಿಂತ ಸ್ವಲ್ಪ ಕಡಿಮೆಯಿತ್ತು, ಆದರೆ ಸಿಪ್ಪೆ ಏಳುವಷ್ಟಲ್ಲ. ಬಿಸಿ ಸರಿ. ವ್ಯಾಕ್ಯೂಮ್ ಸರಿ. ಡ್ರೈಯರ್‌ನಲ್ಲಿ ನೈಲಾನ್ ರಾತ್ರಿಯಿಡೀ 80 ಡಿಗ್ರಿಯಲ್ಲಿ ಒಣಗಿತ್ತು, ತೇವವೂ ಮಿತಿಯೊಳಗಿತ್ತು.

ಆಗ ಆ ಹಿರಿಯರೇ ಹೇಳಿದರು. "ಸರ್, ಬೆಳಗ್ಗೆಯ ಚೀಲದ ಕಾಳು ಚೆನ್ನಾಗೇ ಓಡ್ತು. ಈಗಿನ ಚೀಲದ್ದೇ ಹೀಗೆ."

ಬೆಳಗ್ಗೆಯ ಕಾಳು, ಈಗಿನ ಕಾಳು, ಎರಡರ ಸಾಂದ್ರತೆ ಅಳೆದೆ. ನಮ್ಮ ಸೂತ್ರದ ಲೆಕ್ಕಕ್ಕೆ ಸುಮಾರು 1.04 ಬರಬೇಕು. ಬೆಳಗ್ಗೆಯದು ಅದಕ್ಕಿಂತ ಮೇಲೆ, ಈಗಿನದು ಅದಕ್ಕಿಂತ ಕೆಳಗೆ. ಒಂದೇ ಓಟದಲ್ಲಿ ನಾವು ಎರಡು ಬೇರೆ ವಸ್ತು ಮಾಡುತ್ತಿದ್ದೆವು. ಲ್ಯಾಬಿನಲ್ಲಿ ಎಲ್ಲ ಕಾಳುಗಳನ್ನು ಒಟ್ಟಿಗೆ ಕಲಸಿ, ಯಂತ್ರಕ್ಕೆ ಕಾಳು ಸುರಿಯುವ ಒಂದೇ ಹಾಪರ್‌ಗೆ ಹಾಕುತ್ತಿದ್ದೆ. ಹಾಪರ್ ಚಿಕ್ಕದು, ಬೇಗ ಖಾಲಿಯಾಗುತ್ತಿತ್ತು, ತೊಂದರೆ ಗೊತ್ತಾಗಲಿಲ್ಲ. ಇಲ್ಲಿ ದೊಡ್ಡ ಹಾಪರ್ ಗಂಟೆಗಟ್ಟಲೆ ಅದುರುತ್ತಿತ್ತು. ಗಾತ್ರ, ಆಕಾರ, ತೂಕ ಬೇರೆಯಿರುವ ಕಾಳುಗಳು ಮೊರದಲ್ಲಿ ಕೇರಿದ ಹಾಗೆ ಬೇರೆ ಬೇರೆಯಾಗಿದ್ದವು. ಕೊನೆ ಕೊನೆಗೆ ಪಿಪಿ ಜಾಸ್ತಿ ಬಂದು ಬಲೆಯೇ ಅಲ್ಲಲ್ಲಿ ಕದಲಿತ್ತು.

ಕರಗಿದ ಮೇಲೆ ಬೆರೆಯದ್ದರ ಬಗ್ಗೆ ಅಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಕರಗುವ ಮೊದಲೇ ಅವು ಬೇರೆಯಾಗಬಹುದೆಂದು ಯೋಚಿಸಿರಲಿಲ್ಲ.

ಪರಿಹಾರ ನೇರವಾಗಿತ್ತು. ನೈಲಾನ್‌ಗೆ ಒಂದು, ಪಿಪಿಗೆ ಒಂದು, ರಬ್ಬರ್‌ಗೆ ಒಂದು ಎಂದು ಬೇರೆ ಬೇರೆ ತೂಕದ ಫೀಡರ್ ಕೂರಿಸಿದೆವು. ಸ್ವಲ್ಪವೇ ಬೇಕಾದ ಕೊಕ್ಕೆಯ ಪಿಪಿಗೆ ಚಿಕ್ಕದೊಂದು. ಪ್ರತಿಯೊಂದೂ ತನ್ನಲ್ಲಿ ಕಡಿಮೆಯಾದ ತೂಕವನ್ನು ಕ್ಷಣಕ್ಷಣಕ್ಕೂ ಅಳೆದು ತನ್ನ ವೇಗವನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಜೊತೆಗೆ ಉತ್ಪಾದನೆಯ ವೇಗವನ್ನು ಸ್ವಲ್ಪ ಇಳಿಸಿ ಕಿಲೋಗೆ ಸಿಗುವ ನಾದುವಿಕೆಯನ್ನು ಲ್ಯಾಬಿನ ಮಟ್ಟಕ್ಕೆ ತಂದೆವು. ನೀರಿನ ತೊಟ್ಟಿ ದಾಟಿದ ದಾರಕ್ಕೆ ಗಾಳಿ ಊದಿ ಮೈಮೇಲಿನ ನೀರು ಕಳೆದು, ಕಾಳು ಬಿಸಿಯಿರುವಾಗಲೇ ತೇವ ಒಳಗೆ ಹೋಗದ ಚೀಲಕ್ಕೆ ತುಂಬಿದೆವು.

ಎರಡನೇ ದೊಡ್ಡ ಓಟ ಎರಡು ಪಾಳಿ ನಡೆಯಿತು. ಗಂಟೆಗೊಮ್ಮೆ ಒಂದು ಹಿಡಿ ಕಾಳು ತೆಗೆದು ಸಾಂದ್ರತೆ ಬರೆದಿಟ್ಟೆ. ಹದಿನಾರು ಸಲ ಬರೆದ ಆ ಕಾಲಂನಲ್ಲಿ ಮೂರನೇ ದಶಮಾಂಶ ಮಾತ್ರ ಅತ್ತಿತ್ತ ಸರಿಯಿತು. ಕೊನೆಯ ಚೀಲದ ಕಾಳಿನಿಂದ ಮಾಡಿದ ಕವಚವನ್ನು ಹಿರಿಯರು ಬೆಳಕಿಗೆ ಹಿಡಿದು ನೋಡಿದರು. ಗೇಟ್ ಹತ್ತಿರ ಉಗುರು ಹಾಕಿದರು. ಆಮೇಲೆ ಜೇಬಿನಿಂದ ಬ್ಲೇಡ್ ತೆಗೆದು ಅಂಚನ್ನು ಕೊಯ್ದು, ಮತ್ತೆ ಉಗುರು ಹಾಕಿದರು.

"ಏಳ್ತಿಲ್ಲ ಸರ್," ಎಂದರು. ತುಂಡನ್ನು ನನ್ನ ಕೈಗೆ ಕೊಟ್ಟು ಯಂತ್ರದ ಕಡೆ ಹೋದರು.

ಗ್ರಾಹಕರು ಕವಚವನ್ನು ಬಿಸಿನೀರಿನಲ್ಲಿ ಓಡುವ ಪಂಪಿಗೆ ಹಾಕಿ ತಿಂಗಳುಗಳ ಕಾಲ ನೋಡಿ ಒಪ್ಪಿದರು. ಬೋಲ್ಟ್ ತೂತುಗಳ ನಡುವಿನ ಅಂತರ ಅವರ ಮಿತಿಯೊಳಗೇ ಇತ್ತು. ಈಗ ಅವರದು ಹೊಸ ಪ್ರಶ್ನೆ. ಅಚ್ಚಿನಲ್ಲಿ ಉಳಿಯುವ ಚೂರುಗಳನ್ನು ಪುಡಿ ಮಾಡಿ ಮತ್ತೆ ಎಷ್ಟು ಸೇರಿಸಬಹುದು ಎಂದು ಕೇಳಿದ್ದಾರೆ. ಮತ್ತೊಮ್ಮೆ ಕರಗಿದಾಗ ಬೆಸುಗೆ ಉಳಿಯುತ್ತದೆಯೇ, ನೈಲಾನ್ ಸರಪಳಿ ಎಷ್ಟು ತುಂಡಾಗುತ್ತದೆ ಎಂದು ನೋಡಬೇಕು. ಶೇ 10, 20, 30 ಸೇರಿಸಿದ ಮೂರು ಚೀಲ ಡ್ರೈಯರ್‌ನಲ್ಲಿವೆ. ಪಕ್ಕದ ಮೇಜಿನ ಮೇಲೆ ಮೂರು ಖಾಲಿ ಬಾಟಲಿ ತೊಳೆದು ಇಟ್ಟಿದ್ದೇನೆ. ನಾಳೆ ಬೆಳಗ್ಗೆ ಆ್ಯಸಿಡ್ ಹಾಕಿ ಹಾಲಾಗಿ ನಿಲ್ಲುತ್ತದೆಯೇ ನೋಡಬೇಕು.